ಟಾನಿಕ್ ಕೊಟ್ಟರೆ ಬ್ರಾಯ್ಲರ್ ಕೋಳಿ ಬೇಗ ತೂಕ ಬರುತ್ತದೆಯೇ?

ನಾಟಿ ಕೋಳಿ ತಿಂಗಳುಗಟ್ಟಲೆ ಮೇಯ್ದು ಬೆಳೆಯುತ್ತದೆ. ಬ್ರಾಯ್ಲರ್ ಆರು ವಾರಕ್ಕೆ ಎರಡು ಕೆ.ಜಿ. ದಾಟುತ್ತದೆ. 'ಏನೋ ಹಾಕಿ ಬೆಳೆಸ್ತಾರೆ' ಎಂಬುದು ತಿನ್ನುವವರ ಅನುಮಾನ. ಟಾನಿಕ್ ಹಾಕಿದರೆ ಇನ್ನೂ ನೂರಿನ್ನೂರು ಗ್ರಾಂ ಬರಬಹುದು ಎಂಬುದು ಸಾಕುವವರ ಆಸೆ. ನಮ್ಮ ಪ್ರಕಾರ ಎರಡಕ್ಕೂ ಬೇರು ಒಂದೇ: ಬೆಳವಣಿಗೆ ಬಾಟಲಿಯಿಂದ ಬರುತ್ತದೆ ಎಂಬ ನಂಬಿಕೆ.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 1957, 1978 ಮತ್ತು 2005ರ ಕಾಲದ ಮೂರು ತಳಿಗಳಿಗೆ ಒಂದೇ ಆಹಾರ ಕೊಟ್ಟು ಸಾಕಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 56ನೇ ದಿನ ಹಳೆಯ ತಳಿ ಸುಮಾರು 900 ಗ್ರಾಂ, ನಡುವಿನದು 1,800 ಗ್ರಾಂ, ಹೊಸದು 4,200 ಗ್ರಾಂ ತೂಗಿತು. ಆಹಾರ ಒಂದೇ ಆಗಿದ್ದರಿಂದ ಈ ವ್ಯತ್ಯಾಸ ತಳಿಯದು.

ಹಾಗಾದರೆ ವಿಟಮಿನ್, ಖನಿಜ ಬೇಡವೇ? ಖಂಡಿತ ಬೇಕು. ಶೆಡ್ಡಿನೊಳಗಿನ ಕೋಳಿಗೆ ಬಿಸಿಲು ಸಾಲದು; ಡಿ3 ಕಡಿಮೆಯಾದರೆ ಮೂಳೆ ಮೆತ್ತಗಾಗಿ ಕಾಲು ಸೋಲುತ್ತದೆ. ಬಿ2 ಕೊರತೆಯಾದರೆ ಮರಿಯ ಬೆರಳು ಒಳಕ್ಕೆ ಸುರುಟಿಕೊಳ್ಳುತ್ತವೆ. ಮ್ಯಾಂಗನೀಸ್ ಸಾಲದಿದ್ದರೆ ಹಿಂಗಾಲಿನ ಕೀಲಿನ ಸ್ನಾಯುರಜ್ಜು ಜಾರಿ ಕಾಲು ಸೊಟ್ಟಗಾಗುತ್ತದೆ. ಮೆಕ್ಕೆಜೋಳದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ಬಿ12 ಇಲ್ಲವೇ ಇಲ್ಲ. ರಂಜಕ ಇದ್ದರೂ ಬಹುಪಾಲು ಕೋಳಿಗೆ ಜೀರ್ಣವಾಗದ ರೂಪದಲ್ಲಿರುತ್ತದೆ. ಅದಕ್ಕೇ ಕಂಪನಿಯ ಫೀಡ್‌ನಲ್ಲಿ ಇವನ್ನೆಲ್ಲ ಮೊದಲೇ ಬೆರೆಸಿರುತ್ತಾರೆ. ಕೊರತೆ ತುಂಬಿದ ಮೇಲೆ ಹೆಚ್ಚುವರಿ ಡೋಸು ತೂಕ ಏರಿಸುವುದಿಲ್ಲ. ನೀರಿನಲ್ಲಿ ಕರಗುವ ವಿಟಮಿನ್‌ಗಳ ಹೆಚ್ಚಿನ ಪಾಲು ಹಿಕ್ಕೆಯಲ್ಲಿ ಹೊರಹೋಗುತ್ತದೆ (ದುಡ್ಡೂ ಅದರ ಜೊತೆಗೇ). ಎ, ಡಿ ಮೈಯಲ್ಲೇ ಉಳಿದು ವಿಷವಾಗಬಹುದು. ಕ್ಯಾಲ್ಸಿಯಂ ಅತಿಯಾದರೆ ಮೂತ್ರಪಿಂಡಕ್ಕೆ ಪೆಟ್ಟು.

ಹೆಚ್ಚುವರಿಯಾಗಿ ಕೊಡಬಹುದಾದ ಸಂದರ್ಭಗಳೂ ಇವೆ. ಕೋಳಿ ತನಗೆ ಬೇಕಾದ ವಿಟಮಿನ್ ಸಿ ತಾನೇ ತಯಾರಿಸಿಕೊಳ್ಳುತ್ತದೆ, ಆದರೆ ಏಪ್ರಿಲ್ ಬಿಸಿಲಿಗೆ ಅದು ಸಾಲದೆ ಬರಬಹುದು. ಕಾಯಿಲೆ ಬಿದ್ದು ಮೇವು ಬಿಟ್ಟ ಬ್ಯಾಚಿಗೂ ನಾಲ್ಕಾರು ದಿನ ಕೊಡುವುದುಂಟು.

ಶಿಕಾರಿಪುರ, ಸೊರಬದ ಕಡೆ ನಮಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಜೋಳದ ತೇವ. ಮೆಕ್ಕೆಜೋಳ ಇಲ್ಲಿ ಮಳೆಗಾಲದ ಬೆಳೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಾಳು ಸರಿಯಾಗಿ ಒಣಗದೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಇದು ಹಾಳುಮಾಡುವುದು ಲಿವರನ್ನು. ವಿಟಮಿನ್ ಎ ಶೇಖರವಾಗುವುದೂ, ಡಿ3 ಕೆಲಸಕ್ಕೆ ಬರುವ ರೂಪಕ್ಕೆ ತಿರುಗಲು ಶುರುವಾಗುವುದೂ ಅಲ್ಲೇ. ಹಾಗಾಗಿ ಬೂಷ್ಟು ಹಿಡಿದ ಜೋಳ ತಿಂದ ಕೋಳಿಯಲ್ಲಿ ವಿಟಮಿನ್ ಕೊರತೆಯ ಲಕ್ಷಣವೇ ಕಾಣಬಹುದು. ಆಗ ಟಾನಿಕ್ ಸುರಿದರೂ ಕಾರಣ ಗೋದಾಮಿನಲ್ಲೇ ಉಳಿದಿರುತ್ತದೆ. ಕುದಿಸಿದರೂ ಈ ವಿಷ ಹೋಗದು. ಫೀಡ್ ಮನೆಯಲ್ಲೇ ಮಾಡಿಕೊಳ್ಳುವವರು ಕಾಳಿನ ತೇವ ಶೇ. 13ಕ್ಕಿಂತ ಕೆಳಗೆ ಬರುವವರೆಗೆ ಒಣಗಿಸಿ, ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಬೇಕು.

ಬ್ಯಾಚಿನ ತೂಕ ಕುಂಠಿತವಾಗಿದ್ದರೆ ಔಷಧಿ ಅಂಗಡಿಗೆ ಹೋಗುವ ಮೊದಲು ಒಂದೆರಡು ಸತ್ತ ಕೋಳಿ ಹಾಗೂ ಒಂದಿಷ್ಟು ಫೀಡನ್ನು ತಾಲ್ಲೂಕಿನ ಪಶು ಆಸ್ಪತ್ರೆಯ ವೈದ್ಯರಿಗೆ ತೋರಿಸಿ.