ಹೊಟ್ಟೆ ವಿಷಯ – 4: ತುಪ್ಪದ ರೀಲ್ ನಂಬೋ ಮುಂಚೆ

“ತುಪ್ಪದಲ್ಲಿ ಬ್ಯುಟಿರೇಟ್ ಇದೆ, ಖಾಲಿ ಹೊಟ್ಟೆಗೆ ಎರಡು ಚಮಚ ತಿಂದ್ರೆ ಕರುಳು ಸರಿಹೋಗುತ್ತೆ” ಅನ್ನೋ ರೀಲ್ ನೀವೂ ನೋಡಿರ್ತೀರ. ಅದು ಅರ್ಧ ಸತ್ಯ.

ಬ್ಯುಟಿರೇಟ್ ದೊಡ್ಡ ಕರುಳಿನ ಗೋಡೆಗೆ ಆಹಾರ. ಅಲ್ಲಿನ ರೋಗನಿರೋಧಕ ಕೋಶಗಳು ಸುಮ್ಮಸುಮ್ಮನೆ ಕೆರಳದಂತೆ ತಡೆಯೋಕೂ ಬೇಕು. ಆದರೆ ತುಪ್ಪದಲ್ಲಿ ಅದಿರೋದು ಸ್ವಲ್ಪ. ಅದನ್ನೂ ಸಣ್ಣ ಕರುಳೇ ಹೀರ್ಕೊಂಡುಬಿಡುತ್ತೆ. ದೊಡ್ಡ ಕರುಳಿಗೆ ಬೇಕಾದ್ದನ್ನ ತಯಾರಿಸೋದು ಅಲ್ಲಿನ ಬ್ಯಾಕ್ಟೀರಿಯಾ, ನಾವು ತಿನ್ನೋ ನಾರಿನಿಂದ.

2012ರಲ್ಲಿ ‘ನೇಚರ್’ನಲ್ಲಿ ಬಂದ ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಯನ ನೋಡಿ. ಕರುಳಿನ ಉರಿಯೂತಕ್ಕೆ ಹುಟ್ಟಿನಿಂದಲೇ ಈಡಾಗಬಲ್ಲ ಇಲಿಗಳಿಗೆ ಹಾಲಿನ ಕೊಬ್ಬು ಜಾಸ್ತಿ ಕೊಟ್ಟಾಗ ಪಿತ್ತರಸ ಬದಲಾಯ್ತು, ಬೈಲೋಫಿಲಾ ಅನ್ನೋ ಬ್ಯಾಕ್ಟೀರಿಯಾ ಹೆಚ್ಚಿತು, ಉರಿಯೂತ ಜೋರಾಯ್ತು. ಕುಸುಬೆ ಎಣ್ಣೆಗೆ ಹಾಗಾಗಲಿಲ್ಲ. ನಾವು ಇಲಿಗಳಲ್ಲ, ತುಪ್ಪ ವಿಷವೂ ಅಲ್ಲ. ಆದರೆ ಎಲ್ಲರ ಕರುಳಿಗೂ ಅದೇ ಮದ್ದು ಅನ್ನೋದು ತಪ್ಪು.

ತುಪ್ಪ ರುಚಿಗಿರಲಿ. ಬಿಸಿ ಮುದ್ದೆ ಮೇಲೆ ಒಂದು ಚಮಚ ಹಾಕ್ಕೊಳ್ಳಿ. ಕರುಳಿನ ಕೆಲಸ ಆ ರಾಗಿ, ಬಸ್ಸಾರಿನ ಸೊಪ್ಪು-ಕಾಳು ಮಾಡ್ತವೆ. ಪದೇ ಪದೇ ಭೇದಿ, ಮಲದಲ್ಲಿ ರಕ್ತ ಕಂಡ್ರೆ ಚಮಚ ಕೆಳಗಿಟ್ಟು ಡಾಕ್ಟರ್ ಹತ್ರ ಹೋಗಿ.

ಆ ರೀಲ್ ಕಳಿಸಿದ ಫ್ರೆಂಡ್‌ಗೆ ಇದನ್ನೂ ಕಳಿಸಿ.

#ಹೊಟ್ಟೆವಿಷಯ