ವೀಕೆಂಡ್ ಟ್ರಿಪ್‌ಗೆ ಶುಕ್ರವಾರ ರಾತ್ರಿಯೇ ಹೊರಡುತ್ತೀರಾ? ಫಾರ್ವರ್ಡ್‌ಗಳು ಹೇಳದ ಒಂದು ಲೆಕ್ಕ

ಶನಿವಾರ-ಭಾನುವಾರ ಎಲ್ಲಿಗಾದರೂ ಹೋಗಿ ಬರೋಣ ಎಂದು ಫ್ಯಾಮಿಲಿ ಗ್ರೂಪಿನಲ್ಲಿ ಯಾರಾದರೂ ಬರೆದರೆ ಸಾಕು, ಎಚ್ಚರಿಕೆಯ ಸಂದೇಶಗಳು ಸಾಲುಗಟ್ಟುತ್ತವೆ. ‘ಬೇಸಿಗೆಯಲ್ಲಿ ಟ್ಯಾಂಕ್ ಫುಲ್ ಮಾಡಿಸಬೇಡಿ, ಸ್ಫೋಟವಾಗುತ್ತದೆ’ ಎಂಬುದು ಒಂದು. ‘ಕಾರು ಹತ್ತಿದ ಕೂಡಲೇ ಎಸಿ ಹಾಕಬೇಡಿ, ಡ್ಯಾಶ್‌ಬೋರ್ಡ್‌ನಿಂದ ಬೆಂಜೀನ್ ಹೊರಬಂದು ಕ್ಯಾನ್ಸರ್ ತರುತ್ತದೆ’ ಎಂಬುದು ಇನ್ನೊಂದು.

ಮೊದಲನೆಯದು ಇಂಡಿಯನ್ ಆಯಿಲ್ ಹೆಸರಿನಲ್ಲೇ ಹರಿದಾಡಿತ್ತು. ಕಂಪನಿಯೇ ಅದನ್ನು ಅಲ್ಲಗಳೆದು, ವಾಹನ ತಯಾರಕರು ಸೂಚಿಸಿದ ಮಿತಿಯವರೆಗೆ ಯಾವ ಕಾಲದಲ್ಲೂ ಇಂಧನ ತುಂಬಿಸಬಹುದು ಎಂದು ಸ್ಪಷ್ಟಪಡಿಸಿದೆ. ಎರಡನೆಯದರಲ್ಲಿ ಬೆಂಜೀನ್ ಕ್ಯಾನ್ಸರ್‌ಕಾರಕ ಎಂಬ ಮಾತಷ್ಟೇ ನಿಜ. ಡ್ಯಾಶ್‌ಬೋರ್ಡ್‌ನಿಂದ ಸಂದೇಶ ಹೇಳುವಷ್ಟು ಪ್ರಮಾಣದಲ್ಲಿ ಅದು ಹೊರಬರುತ್ತದೆ ಎನ್ನಲು ಆಧಾರವಿಲ್ಲ. ಬಿಸಿಲಲ್ಲಿ ನಿಂತ ಕಾರಿನ ಗಾಜು ಇಳಿಸಿ ಬಿಸಿಗಾಳಿ ಹೊರಬಿಡುವುದು ಒಳ್ಳೆಯದೇ, ಒಳಗೆ ಬೇಗ ತಂಪಾಗುತ್ತದೆ.

ಆದರೆ ಅದೇ ಗ್ರೂಪಿನಲ್ಲಿ ಯಾರೂ ಪ್ರಶ್ನಿಸದೆ ಥಂಬ್ಸ್ ಅಪ್ ಒತ್ತುವ ಸಲಹೆಯೊಂದಿದೆ: ‘ಶುಕ್ರವಾರ ರಾತ್ರಿ ಊಟ ಮುಗಿಸಿ ಹೊರಟುಬಿಡಿ. ಟ್ರಾಫಿಕ್ ಇರಲ್ಲ, ಮಕ್ಕಳು ಮಲಗಿರ್ತಾರೆ, ಒಂದು ದಿನ ಉಳಿಯುತ್ತೆ.’ ನಾವು ಈ ಬಾರಿ ಪರಿಶೀಲಿಸಲು ಹೊರಟಿದ್ದು ಇದನ್ನೇ.

ಬೆಂಗಳೂರಿನಿಂದ ಮೈಸೂರು, ಗುಂಡ್ಲುಪೇಟೆ, ಬಂಡೀಪುರದ ಮೂಲಕ ಊಟಿಗೆ ಹೋಗುವ ಕುಟುಂಬವನ್ನು ತೆಗೆದುಕೊಳ್ಳೋಣ. ಕಾರು ಓಡಿಸುವವರು ಶುಕ್ರವಾರ ಬೆಳಿಗ್ಗೆ 6ಕ್ಕೆ ಎದ್ದು, ಆಫೀಸು ಮುಗಿಸಿ, ಪ್ಯಾಕಿಂಗ್ ಮಾಡಿ, ರಾತ್ರಿ 10ಕ್ಕೆ ಸ್ಟೀರಿಂಗ್ ಹಿಡಿಯುತ್ತಾರೆ. ಬಂಡೀಪುರ ಸುಮಾರು 220 ಕಿ.ಮೀ. ದೂರ. ನಸುಕಿನ 2.30ರ ಆಸುಪಾಸಿಗೆ ತಲುಪಬಹುದು. ಆದರೆ ಅಲ್ಲಿ ಗೇಟು ಮುಚ್ಚಿರುತ್ತದೆ! ವನ್ಯಜೀವಿಗಳ ಸಾವು ತಡೆಯಲು 2009ರಿಂದ ಇಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಅಂದರೆ ‘ಉಳಿಸಿದ’ ಸಮಯ ಗೇಟಿನ ಮುಂದಿನ ಸಾಲಿನಲ್ಲಿ ಕರಗುತ್ತದೆ. ಕಾರಿನಲ್ಲೇ ಅರೆಬರೆ ಕಣ್ಣು ಮುಚ್ಚಿ, 6ಕ್ಕೆ ಗೇಟು ತೆಗೆದಾಗ ಘಾಟಿ ಹತ್ತಲು ಹೊರಡುವವರು ಎದ್ದು ಸರಿಯಾಗಿ 24 ಗಂಟೆ ಆಗಿರುತ್ತದೆ.

ಇದು ಎಷ್ಟು ಅಪಾಯ? ಆನ್ ವಿಲಿಯಮ್ಸನ್ ಮತ್ತು ಆನ್-ಮೇರಿ ಫೇಯರ್ ಎಂಬ ಸಂಶೋಧಕರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿದ್ದೆಗೆಟ್ಟವರ ಪ್ರತಿಕ್ರಿಯೆಯ ವೇಗ ಮತ್ತು ನಿಖರತೆಯನ್ನು ಮದ್ಯ ಕುಡಿದಾಗಿನ ಸ್ಥಿತಿಯೊಂದಿಗೆ ಹೋಲಿಸಿದರು. 17ರಿಂದ 19 ಗಂಟೆ ಎಚ್ಚರವಿದ್ದವರ ಸ್ಥಿತಿ, ಕೆಲವು ಪರೀಕ್ಷೆಗಳಲ್ಲಿ ರಕ್ತದಲ್ಲಿ ಶೇ 0.05 ಮದ್ಯಸಾರ ಇದ್ದಷ್ಟೇ ಅಥವಾ ಅದಕ್ಕಿಂತ ಕೆಟ್ಟದಾಗಿತ್ತು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಅಂದರೆ ಶೇ 0.03. ನಮ್ಮ ಲೆಕ್ಕದ ಚಾಲಕರು ಮನೆ ಬಿಟ್ಟ ಒಂದೇ ಗಂಟೆಯಲ್ಲಿ, ರಾತ್ರಿ 11ಕ್ಕೆ, 17 ಗಂಟೆ ದಾಟುತ್ತಾರೆ. ಒಂದು ಹನಿ ಕುಡಿಯದವರು, ಪೊಲೀಸರ ಯಂತ್ರಕ್ಕೆ ಊದಿದರೆ ಸೊನ್ನೆ ತೋರಿಸುವವರು!

ಇದರ ಮೇಲೆ ದೇಹದ ಗಡಿಯಾರವೂ ಸೇರುತ್ತದೆ. ನಡುರಾತ್ರಿ ಕಳೆದು ನಸುಕಿನವರೆಗಿನ ಹೊತ್ತಿನಲ್ಲಿ ದೇಹದ ಉಷ್ಣಾಂಶವೂ ಚುರುಕೂ ತಳಮಟ್ಟಕ್ಕೆ ಇಳಿಯುತ್ತವೆ. ಆಗ ಬರುವುದು ಗೊರಕೆ ಹೊಡೆಯುವ ನಿದ್ದೆಯಲ್ಲ, ಕೆಲವೇ ಸೆಕೆಂಡುಗಳ ‘ಮೈಕ್ರೋಸ್ಲೀಪ್’. ಕಣ್ಣು ತೆರೆದೇ ಇರಬಹುದು, ಮಿದುಳು ಮಾತ್ರ ರಸ್ತೆಯನ್ನು ನೋಡುತ್ತಿರುವುದಿಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ 4 ಸೆಕೆಂಡಿಗೆ ಕಾರು ಸುಮಾರು 111 ಮೀಟರ್ ಸಾಗಿರುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಂಥ ತಿರುವಿಲ್ಲದ, ಸಿಗ್ನಲ್ ಇಲ್ಲದ ರಸ್ತೆ ಇಂಥ ನಿದ್ದೆಗೆ ಹೇಳಿ ಮಾಡಿಸಿದ ಜಾಗ.

‘ನನಗೆ ಅಭ್ಯಾಸ ಇದೆ’ ಎನ್ನುವ ಚಿಕ್ಕಪ್ಪ ಪ್ರತಿ ಮನೆಯಲ್ಲೂ ಇದ್ದಾರೆ. ತೊಂದರೆಯೆಂದರೆ, ನಿದ್ದೆಗೆಟ್ಟವರು ತಮ್ಮ ಸ್ಥಿತಿಯನ್ನು ಇರುವುದಕ್ಕಿಂತ ಉತ್ತಮವೆಂದೇ ಅಂದಾಜಿಸುತ್ತಾರೆ. ಅಳೆಯಬೇಕಾದ ಮಿದುಳೇ ಮಂಕಾಗಿರುತ್ತದಲ್ಲ. ಗಾಜು ಇಳಿಸಿ ತಂಗಾಳಿ ಬಿಡುವುದು, ಜೋರಾಗಿ ಹಾಡು ಹಾಕುವುದು ಇವೆಲ್ಲ ಸ್ವಲ್ಪ ಹೊತ್ತಿನ ಮಟ್ಟಿಗಷ್ಟೇ. ಕಾಫಿ ನಿಜಕ್ಕೂ ಸಹಾಯ ಮಾಡುತ್ತದೆ, ಆದರೆ ಕೆಲಸ ಶುರುಮಾಡಲು ಅದಕ್ಕೆ ಸುಮಾರು ಅರ್ಧ ಗಂಟೆ ಬೇಕು. ಹಾಗಾಗಿ ಕಣ್ಣು ಎಳೆಯುತ್ತಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು, ತಕ್ಷಣ 15–20 ನಿಮಿಷ ಮಲಗಿ ಏಳುವುದು ಇವುಗಳಲ್ಲಿ ಪರಿಣಾಮಕಾರಿ ಉಪಾಯ. ಅದೂ ಹತ್ತಿರದ ಲಾಡ್ಜ್ ತಲುಪುವಷ್ಟಕ್ಕೆ, ಇಡೀ ರಾತ್ರಿಗಲ್ಲ.

ಗೇಟಿನ ಮುಂದೆ ಎಂಜಿನ್, ಎಸಿ ಚಾಲೂ ಇಟ್ಟು ಮಲಗುವವರಿಗೆ ಇನ್ನೊಂದು ಮಾತು. ಬೆಂಜೀನ್ ಸಂದೇಶ ಹೆದರಿಸಿದ್ದು ತಪ್ಪು ಅನಿಲಕ್ಕೆ. ಭಯಪಡಬೇಕಾದ್ದು ಕಾರ್ಬನ್ ಮಾನಾಕ್ಸೈಡ್‌ಗೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸೈಲೆನ್ಸರ್ ಪೈಪ್ ಸೋರುತ್ತಿದ್ದರೆ ಅಥವಾ ಕಾರು ಮುಚ್ಚಿದ ಗ್ಯಾರೇಜಿನಲ್ಲಿದ್ದರೆ ಹೊಗೆ ಒಳಸೇರಿ, ಮಲಗಿದವರು ಏಳದೇ ಹೋಗಬಹುದು. ಮಲಗಲೇಬೇಕಿದ್ದರೆ ಎಂಜಿನ್ ಆಫ್ ಮಾಡಿ, ಗಾಜು ಸ್ವಲ್ಪ ಇಳಿಸಿ.

ಮಸಿನಗುಡಿ ಕಡೆಯ ಕಲ್ಲಟ್ಟಿ ಘಾಟಿಯಲ್ಲಿ 36 ತಿರುವುಗಳಿವೆ. ಮಕ್ಕಳಿಗೆ ವಾಂತಿ ಶುರುವಾಗುವುದು ಇಂಥಲ್ಲೇ. ದೇಹ ತಿರುಗುತ್ತಿದೆ ಎಂದು ಒಳಕಿವಿ ಹೇಳುತ್ತಿರುವಾಗ, ಮೊಬೈಲ್ ನೋಡುವ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಈ ಜಗಳವೇ ಹೊಟ್ಟೆ ತೊಳಸುವುದಕ್ಕೆ ಕಾರಣ. ಫೋನ್ ತೆಗೆದಿಟ್ಟು ಮುಂದೆ ದೂರಕ್ಕೆ ನೋಡಲು ಹೇಳಿ. ಖಾಲಿ ಹೊಟ್ಟೆಗಿಂತ ಹಗುರ ತಿಂಡಿ ಮೇಲು. ಮಾತ್ರೆಯನ್ನು ವಾಂತಿ ಶುರುವಾಗುವ ಮೊದಲೇ ಕೊಡಬೇಕು, ಮಕ್ಕಳಿಗಾದರೆ ವೈದ್ಯರನ್ನು ಕೇಳಿಯೇ. ಇವುಗಳಲ್ಲಿ ಹೆಚ್ಚಿನವು ನಿದ್ದೆ ತರುತ್ತವೆ, ಆದ್ದರಿಂದ ಮಗುವಿಗೆ ತಂದ ಮಾತ್ರೆಯನ್ನು ಕಾರು ಓಡಿಸುವವರು ನುಂಗಬಾರದು.

ಹಾಗಾದರೆ ಪ್ಲಾನ್ ಹೇಗಿರಬೇಕು? ನಮ್ಮ ಅಭಿಪ್ರಾಯದಲ್ಲಿ, ಶುಕ್ರವಾರ ಬೇಗ ಮಲಗಿ, ಶನಿವಾರ ಬೆಳಿಗ್ಗೆ 5ಕ್ಕೆ ಹೊರಟರೂ ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಶುಕ್ರವಾರ ಸಂಜೆ ರೈಲಿನಲ್ಲಿ ಮೈಸೂರಿಗೆ ಹೋಗಿ ಅಲ್ಲೇ ಉಳಿಯುವುದು ಇನ್ನೂ ಆರಾಮ. ಭಾನುವಾರ ಊಟ ಮುಗಿದ ಮೇಲೆ ಬೊಟಾನಿಕಲ್ ಗಾರ್ಡನ್‌ಗೆ ಇನ್ನೊಂದು ಸುತ್ತು ಹೋಗುವ ಆಸೆ ಬಿಡಿ. ಮಧ್ಯಾಹ್ನವೇ ಹೊರಟರೆ 9ರ ಗೇಟಿಗೆ ಓಡಬೇಕಾಗಿಲ್ಲ. ನೀಲಗಿರಿಗೆ 2024ರ ಮೇ 7ರಿಂದ ಇ-ಪಾಸ್ ಪದ್ಧತಿ ಬಂದಿದೆ. 2025ರ ಬೇಸಿಗೆಗೆ ಮದ್ರಾಸ್ ಹೈಕೋರ್ಟ್ ವಾರಾಂತ್ಯದಲ್ಲಿ ದಿನಕ್ಕೆ 8,000 ವಾಹನಗಳ ಮಿತಿಯನ್ನೂ ಹಾಕಿತ್ತು. ನೀವು ಹೋಗುವ ವಾರದ ನಿಯಮವನ್ನು ಅಧಿಕೃತ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ, ಫಾರ್ವರ್ಡ್ ಆಗಿ ಬಂದ ಲಿಂಕ್‌ನಲ್ಲಲ್ಲ.

ಬಾಡಿಗೆ ಗಾಡಿ ಮಾಡುವವರು ಎಸಿ ಇದೆಯಾ, ಕ್ಯಾರಿಯರ್ ಇದೆಯಾ, ಕಿ.ಮೀ.ಗೆ ಎಷ್ಟು ಎಂದೆಲ್ಲ ಕೇಳುತ್ತೇವೆ. ಡ್ರೈವರ್ ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದರು ಎಂದು ಕೇಳುವವರು ಕಡಿಮೆ. ಬೆಳಗಿನಿಂದ ಏರ್‌ಪೋರ್ಟ್ ಟ್ರಿಪ್ ಹೊಡೆದವರೇ ರಾತ್ರಿ ನಮ್ಮ ಮನೆ ಮುಂದೆ ಬಂದು ನಿಂತಿರಬಹುದು. ಊಟಿಯಲ್ಲಿ ನಾವು ರಗ್ಗು ಹೊದ್ದು ಮಲಗಿದಾಗ ಅವರು ಮಲಗುವುದು ಹೆಚ್ಚಾಗಿ ಕಾರಿನಲ್ಲೇ, ಚಳಿ ತಡೆಯದಿದ್ದರೆ ಹೀಟರ್ ಹಾಕಿಕೊಂಡು. ಡಿಸೆಂಬರ್–ಜನವರಿಯಲ್ಲಿ ಅಲ್ಲಿ ಉಷ್ಣಾಂಶ ಶೂನ್ಯದ ಹತ್ತಿರಕ್ಕೆ ಇಳಿಯುವುದುಂಟು. ರೂಮ್ ಬುಕ್ ಮಾಡುವಾಗಲೇ ಡ್ರೈವರ್‌ಗೆ ಹಾಸಿಗೆ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಡಾರ್ಮಿಟರಿಯ ಒಂದು ಹಾಸಿಗೆಯ ಖರ್ಚನ್ನು ನಿಮ್ಮ ಬಜೆಟ್‌ಗೆ ಸೇರಿಸಿಕೊಳ್ಳಿ, ಭಾನುವಾರ ಘಾಟಿ ಇಳಿಸುವವರು ಅವರೇ.