ಕೆಡವದೆ ಕಟ್ಟಿದ ನಿಲ್ದಾಣ

ಜೀರ್ಣೋದ್ಧಾರವೆಂಬ ಶಬ್ದವು ನಮ್ಮ ಮಠ-ಮಂದಿರಗಳ ಆಮಂತ್ರಣ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತದೆ. ಜೀರ್ಣವಾದುದನ್ನು ಮೇಲೆತ್ತಿ ನಿಲ್ಲಿಸುವುದೆಂದು ಅದರ ಅರ್ಥ. ಆದರೆ ಈಚೆಗೆ ಆ ಹೆಸರಿನ ಕಾರ್ಯಕ್ಕೆ ಎಷ್ಟೋ ಕಡೆ ಮೊದಲು ಬಂದು ನಿಲ್ಲುವುದು ಜೆಸಿಬಿ ಯಂತ್ರ. ಸಾಗುವಾನಿಯ ಕಂಬ, ಗಾರೆಯ ಗೋಡೆ, ಎರಡು ಮೊಳ ದಪ್ಪದ ಕಲ್ಲಿನ ಕಟ್ಟಡ ಎಲ್ಲವೂ ನೆಲಸಮವಾಗಿ ಅಲ್ಲಿ ಕಾಂಕ್ರೀಟು ಏಳುತ್ತದೆ. ಅದು ನವನಿರ್ಮಾಣವೇ ಹೊರತು ಜೀರ್ಣೋದ್ಧಾರವಲ್ಲ. ಈ ಶಬ್ದಕ್ಕೆ ಸಲ್ಲುವ ಕಾರ್ಯವೊಂದು ದೂರದ ಅಮೆರಿಕದಲ್ಲಿ, ಅದೂ ಒಂದು ವಿಮಾನ ನಿಲ್ದಾಣದಲ್ಲಿ ನಡೆದಿರುವುದನ್ನು ವಾಚಕ ಬಂಧುಗಳು ಅರಿಯಲೆಂದು ಈ ತಿಂಗಳು ಅದನ್ನೇ ಬರೆಯುತ್ತಿದ್ದೇನೆ.

ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದ ನಿಲ್ದಾಣವು ಕೊಲಂಬಿಯಾ ನದಿಯ ತಡಿಯಲ್ಲಿದೆ. ಅದರ ಮುಖ್ಯ ಕಟ್ಟಡವು 1950ರ ದಶಕದ್ದು. ಕಾಲಕಾಲಕ್ಕೆ ಸೇರಿಸುತ್ತ ಬೆಳೆಸಿದ್ದು. ಪ್ರಯಾಣಿಕರು ಹೆಚ್ಚಿದಂತೆ ಸ್ಥಳ ಸಾಲದಾಯಿತು. ಭೂಕಂಪದ ಭಯವೂ ಇತ್ತು. 1700ರಲ್ಲಿ ಆ ಕರಾವಳಿಯುದ್ದಕ್ಕೂ ಮಹಾಕಂಪನವಾಗಿದೆ. ಇಂತಹ ಸ್ಥಿತಿಯಲ್ಲಿ ಹಳೆಯದನ್ನು ಬಿಟ್ಟು ಬೇರೆಡೆ ಹೊಸದನ್ನು ಕಟ್ಟುವುದೇ ಸುಲಭವೆಂದು ಯಾರಿಗಾದರೂ ತೋರುವುದು ಸಹಜ. ಅವರು ಹಾಗೆ ಮಾಡದೆ, ಇದ್ದ ಕಟ್ಟಡದ ಬಹುಭಾಗವನ್ನು ಉಳಿಸಿಕೊಂಡು ಅದನ್ನೇ ವಿಸ್ತರಿಸಿದರು. ಇದರ ಹಿಂದಿನ ತತ್ತ್ವ ಸರಳವಾದುದು. ಮನುಷ್ಯನ ವ್ಯವಹಾರಗಳಿಂದ ವಾಯುಮಂಡಲಕ್ಕೆ ಸೇರುವ ಇಂಗಾಲಾಮ್ಲದಲ್ಲಿ ನೂರಕ್ಕೆ 7-8 ಪಾಲು ಸಿಮೆಂಟಿನ ತಯಾರಿಕೆಯೊಂದರಿಂದಲೇ ಬರುತ್ತದೆ. ನಿಂತಿರುವ ಕಟ್ಟಡಕ್ಕೆ ಆ ಬೆಂಕಿ ಆಗಲೇ ಉರಿದುಹೋಗಿದೆ. ಕೆಡವಿದರೆ ಅದು ವ್ಯರ್ಥ, ಮರಳಿ ಕಟ್ಟಿದರೆ ಇನ್ನೊಮ್ಮೆ ಉರಿಸಬೇಕು.

ಕೆಲಸ ನಡೆದ ರೀತಿಯಂತೂ ಆಶ್ಚರ್ಯಕರ. ನಿಲ್ದಾಣವನ್ನು ಒಂದು ದಿನವೂ ಮುಚ್ಚುವಂತಿರಲಿಲ್ಲ. ಆದುದರಿಂದ 9 ಎಕರೆ ವಿಸ್ತಾರದ ಮರದ ಚಾವಣಿಯನ್ನು ವಿಮಾನಗಳ ಮೈದಾನದ ಇನ್ನೊಂದು ಭಾಗದಲ್ಲಿ ತುಂಡುತುಂಡಾಗಿ ಜೋಡಿಸಿದರು. ಹಾರಾಟ ವಿರಳವಾಗುವ ರಾತ್ರಿಯ ವೇಳೆ ಒಂದೊಂದೇ ತುಂಡನ್ನು ಸಾಗಿಸಿ ತಂದು ಏರಿಸಿದರು. ಅದರ ಒಟ್ಟು ತೂಕ ಸುಮಾರು 1 ಕೋಟಿ 80 ಲಕ್ಷ ಪೌಂಡು. ಇಷ್ಟು ಭಾರವನ್ನು ಹೊತ್ತಿರುವವು ಕವಲೊಡೆದ 34 ಉಕ್ಕಿನ ಕಂಬಗಳು. ಭೂಮಿ ನಡುಗಿದರೆ ಚಾವಣಿಯು ಬಿರಿಯದೆ ಅತ್ತಿತ್ತ ಸರಿದಾಡುವಂತೆ ನಡುವೆ ಜಾರುವ ಆಧಾರಗಳನ್ನಿಟ್ಟಿದ್ದಾರೆ. 2024ರ ಆಗಸ್ಟ್ 14ರಂದು ಮೊದಲ ಹಂತವು ಜನರಿಗೆ ತೆರೆಯಿತು.

ಮರದ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಡಗ್ಲಸ್ ಫರ್ ಎಂಬುದು ಆ ಸೀಮೆಯದೇ ಸೂಚಿಪರ್ಣಿ ವೃಕ್ಷ. ಅದರ ಹಲಗೆಗಳನ್ನು ಪದರ ಪದರವಾಗಿ ಅಂಟಿಸಿ ತೊಲೆಗಳನ್ನು ಮಾಡಿದ್ದಾರೆ. ಎಲ್ಲವೂ 300 ಮೈಲಿಯೊಳಗಿನ ಕಾಡುಗಳದು. ಯಾಕಮಾ, ಕೊಕ್ವೆಲ್, ಸ್ಕೊಕೊಮಿಷ್ ಮೊದಲಾದ ಮೂಲನಿವಾಸಿಗಳ ಕಾಡಿನಿಂದಲೂ ಸಣ್ಣ ಒಡೆತನದ ತೋಪುಗಳಿಂದಲೂ ಕೊಂಡು, ಅದರಲ್ಲಿ ಬಹಳಷ್ಟು ಮರವು ಯಾವ ಕಾಡಿನದೆಂಬ ಲೆಕ್ಕವನ್ನೂ ಇಟ್ಟಿದ್ದಾರೆ. ನಮ್ಮ ಮನೆಯ ಬಾಗಿಲ ಚೌಕಟ್ಟಿನ ಮರ ಯಾವ ಕಾಡಿನದೆಂದು ಇಂದು ಎಷ್ಟು ಜನ ಹೇಳಬಲ್ಲರು?

ಅಲ್ಲಿಯ ರತ್ನಗಂಬಳಿಯ ಪ್ರಸಂಗ ನಗೆ ತರಿಸುವಂತಹುದು. ರಾತ್ರಿ ಗೋಪುರದಿಂದ ಕಾಣುವ ರನ್‌ವೇಗಳ ನೋಟವನ್ನೇ ಚಿತ್ತಾರವಾಗಿಸಿದ್ದ ಹಸಿರು-ನೀಲಿ ಗಂಬಳಿಯನ್ನು ತೆಗೆಯಲಾರಂಭಿಸಿದಾಗ ಊರ ಜನ ಮರುಗಿದರು. 2015ರಲ್ಲಿ ಅದರ ಸುರುಳಿಯೊಂದನ್ನು ಅಗ್ರಸ್ಥಾನದಲ್ಲಿಟ್ಟು ಮೆರವಣಿಗೆಯನ್ನೇ ನಡೆಸಿದರು! 2024ರಲ್ಲಿ ಆ ಚಿತ್ತಾರ ಕೆಲವೆಡೆ ಮರಳಿ ಬಂದಿದೆ. ಕಟ್ಟಡದೊಡನೆ ಜನರಿಗೆ ಇಷ್ಟು ನಂಟಿರುವಲ್ಲಿ ಕೆಡವುವವನ ಕೈ ತುಸು ತಡೆಯುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೂ ಒಂದು ಸಂದೇಹ ಉಳಿಯುತ್ತದೆ. ಕಟ್ಟಡದ ಪ್ರತಿ ಚದರಡಿಗೆ ತಗಲುವ ಇಂಧನವನ್ನು ಅರ್ಧಕ್ಕಿಳಿಸುವುದು ಅವರ ಗುರಿ; ಭೂಮಿಯೊಳಗಿನ ಶಾಖವನ್ನು ಬಳಸಿಕೊಳ್ಳುವ ವ್ಯವಸ್ಥೆಯೂ ಅಲ್ಲಿದೆ. ಆದರೆ ಈ ವಿಸ್ತರಣೆಯ ಉದ್ದೇಶವೇ 2045ರ ವೇಳೆಗೆ ವರ್ಷಕ್ಕೆ 3 ಕೋಟಿ 50 ಲಕ್ಷ ಪ್ರಯಾಣಿಕರಿಗೆ ಎಡೆಮಾಡುವುದು. ಹೆಚ್ಚು ಜನರೆಂದರೆ ಹೆಚ್ಚು ವಿಮಾನ, ಹೆಚ್ಚು ಹೊಗೆ. ಮರದ ಚಾವಣಿಯಿಂದ ಉಳಿದುದನ್ನು ಆ ಹೊಗೆ ನುಂಗಿಬಿಡಲಾರದೆ? ಕಟ್ಟಡ ಕಟ್ಟಿದವರು ತಮ್ಮ ಪಾಲಿನ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಾರೆ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ವಿಮಾನವೇರುವವರು. ರಜೆಗೆಂದು ಅಲ್ಲಿಂದ ಊರಿಗೆ ಹಾರಿ ಬರುವ ನಮ್ಮ ಮನೆಯ ಮಕ್ಕಳೂ ಆ ಸಾಲಿನಲ್ಲಿದ್ದಾರೆ.